ಗೋಣಿ ಹೊದ್ದ ಕಂಪ್ಯೂಟರ್

ಕಂಪ್ಯೂಟರ್ ರಿಪೇರಿಯಲ್ಲಿ ನನಗೆ ಬರುವುದು ಒಂದೇ ವಿದ್ಯೆ: ಆಫ್ ಮಾಡಿ ಆನ್ ಮಾಡುವುದು. ಮಿಕ್ಕದ್ದೆಲ್ಲ ಅಭಿನಯ. ಆದರೆ ಅಭಿನಯ ಚೆನ್ನಾಗಿದ್ದರೆ ವಿದ್ಯೆಯನ್ನು ಯಾರೂ ಕೇಳುವುದಿಲ್ಲ. ತಿಪಟೂರಿನ ರಿಪೇರಿ ಅಂಗಡಿಯವನನ್ನು ನಾನು ಪೂರ್ತಿಯಾಗಿ ಕದ್ದಿದ್ದೇನೆ. ಅವನು ಮೊದಲು ಯಂತ್ರದ ಮುಂದೆ ಮಂಡಿಯೂರುತ್ತಾನೆ. ನಾಲಿಗೆಯಲ್ಲಿ ‘ಚ್ಚು’ ಅನ್ನುತ್ತಾನೆ. ಆಮೇಲೆ, ಮನೆಯವರ ಎದೆ ಧಸಕ್ಕೆನ್ನುವಂತೆ, “ಇದಕ್ಕೆ ಮೊದ್ಲು ಯಾರು ಕೈ ಹಾಕಿದ್ರು?” ಎಂದು ಕೇಳುತ್ತಾನೆ. ಗಮನಿಸಿ ನೋಡಿ, ಗಡಿಯಾರದವನು, ಹಲ್ಲಿನ ಡಾಕ್ಟರು, ಜಾತಕ ನೋಡುವವರು, ಎಲ್ಲರ ಬೀಜಮಂತ್ರವೂ ಇದೇ. ತನಗಿಂತ ಮೊದಲು ಬಂದವನು ದಡ್ಡನೆಂದು ಸಾಬೀತಾದ ಮೇಲೆಯೇ ಚಿಕಿತ್ಸೆ.

ಆಫ್-ಆನ್ ವಿದ್ಯೆಯನ್ನು ಹಗುರವಾಗಿ ಕಾಣಬೇಡಿ. ಪುನರ್ಜನ್ಮವನ್ನು ನಂಬದ ನಾಸ್ತಿಕರೂ ಕಂಪ್ಯೂಟರ್ ಕೈಕೊಟ್ಟಾಗ ಅದನ್ನು ನಂಬುತ್ತಾರೆ. ಒಮ್ಮೆ ಸಾಯಿಸಿ ಹುಟ್ಟಿಸಿದರೆ ಹಿಂದಿನ ಕರ್ಮವೆಲ್ಲ ತೊಳೆದುಹೋಗುತ್ತದೆ. ನಮಗೆ ಅಷ್ಟಕ್ಕೆ ಎಂಬತ್ತನಾಲ್ಕು ಲಕ್ಷ ಯೋನಿ ಬೇಕು. ಅದಕ್ಕೆ ಒಂದು ಬಟನ್ ಸಾಕು.

ಅವತ್ತು ಮಾತ್ರ ನಮ್ಮ ಮನೆಯದು ಹುಟ್ಟಿ ಹುಟ್ಟಿ ಸಾಯುತ್ತಿತ್ತು. ತುರುವೇಕೆರೆಯ ಒಂದು ಶಾಲೆಗೆ ನನ್ನ ಅಕ್ಕ ಗಣಿತದ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಹನ್ನೊಂದು ಗಂಟೆಗೆ ವಿಡಿಯೋದಲ್ಲಿ ಮಾದರಿ ಪಾಠ ಮಾಡಿ ತೋರಿಸಬೇಕಿತ್ತು. ಮೊಬೈಲಿನಲ್ಲಿ ಮಾಡಬಹುದಿತ್ತಲ್ಲ ಅನ್ನುತ್ತೀರಿ. ಶಾಲೆಯವರು ಕಂಪ್ಯೂಟರಿನಿಂದಲೇ ಆಗಬೇಕು ಅಂದಿದ್ದರು. ಟೀಚರಿಗೆ ಅದು ಪಳಗಿದೆಯೋ ಇಲ್ಲವೋ ನೋಡಬೇಕಂತೆ. ಬೆಳಿಗ್ಗೆ ಅಕ್ಕ ಅಭ್ಯಾಸಕ್ಕೆ ಕೂತರೆ, ಅದು ಸ್ವಲ್ಪ ಹೊತ್ತು ಗೊರಗುಟ್ಟಿ ಪಟ್ಟನೆ ಆರಿಹೋಯಿತು. ಮತ್ತೆ ಹಚ್ಚಿದಳು. ಮತ್ತೆ ಆರಿತು. ಮೂರು ವರ್ಷದಿಂದ ಪಕ್ಕದ ಮನೆಯ ಮಕ್ಕಳಿಗೆ ಟ್ಯೂಷನ್ ಹೇಳಿಕೊಂಡೇ ಇದ್ದ ಅಕ್ಕನಿಗೆ ಇದು ಕೈಗೆಟುಕಿದ ಮೊದಲ ಕೆಲಸ. ಅವಳ ಕಣ್ಣು ತುಂಬಿದ್ದು ನೋಡಿ ನಾನು ಹಾಸ್ಯ ಮಾಡುವುದನ್ನು ನಿಲ್ಲಿಸಿದೆ. ಮನೆಯವರಿಗೆ ಪರಿಸ್ಥಿತಿಯ ಗಾಂಭೀರ್ಯ ಅರ್ಥವಾದದ್ದು ಆಗಲೇ.

ನಮ್ಮದು ನೊಣವಿನಕೆರೆ ಕಡೆಯ ಮನೆ, ಅಂದರೆ ತಲೆಯ ಮೇಲೆ ಅಟ್ಟ, ಅಟ್ಟದ ತುಂಬ ಕಾಯಿ. ವರ್ಷ ಪೂರ್ತಿ ಕದಲಿಸದೆ ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ನೋಡಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು; ಲೊಡಲೊಡ ಅಂದರೆ ಆಗಿದೆ. ಜಗತ್ತಿನ ಯಾವ ವಸ್ತುವಿನ ಒಳಗುಟ್ಟನ್ನು ತಿಳಿಯಲೂ ನಮ್ಮ ಅಜ್ಜಿಗೆ ಇದೊಂದೇ ದಾರಿ. ಮೇಜಿನ ಕೆಳಗೆ ಬಗ್ಗಿ ಸಿಪಿಯುಗೆ ಕಿವಿಯಿಟ್ಟು, ಒಮ್ಮೆ ಅಲ್ಲಾಡಿಸಿ, “ಒಳಗೆ ಏನೋ ಲೊಡಗುಟ್ತೈತೆ ಕಣ್ಲಾ. ಒಣಗೋಗೈತೆ. ಇಳಿಸ್ಬೋದು,” ಎಂದು ತೀರ್ಪು ಕೊಟ್ಟಳು.

“ನೀನು ಸುಮ್ಕಿರವ್ವ,” ಅಂದರು ಅಪ್ಪ. “ಅದುಕ್ಕೆ ರೆಸ್ಟ್ ಬೇಕು. ಮುಟ್ಟದೆ ಬುಡಿ, ತಾನೇ ಸರಿಹೋಯ್ತದೆ.”

“ಎಷ್ಟೊತ್ತು ಬುಡಾದು?” ಅಂದೆ. “ಕಾಯಿ ಥರ ಒಂದು ವರ್ಷವ?”

ತಿಪಟೂರಿಗೆ ಹೊತ್ತೊಯ್ಯಲು ಹೊತ್ತಿರಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು. ಗೊತ್ತಿಲ್ಲ ಅನ್ನಲು ನಾಚಿಕೆಯಾಗಿ, ನನಗೆ ಬರುವ ಅಭಿನಯವನ್ನೇ ಶುರುಮಾಡಿದೆ. ಮಂಡಿಯೂರಿದೆ. ‘ಚ್ಚು’ ಅಂದೆ. ಅಂಗಡಿಯವನ ಮೂಗುದನಿಯಲ್ಲಿ, “ಇದಕ್ಕೆ ಮೊದ್ಲು ಯಾರು ಕೈ ಹಾಕಿದ್ರು?” ಅಂದೆ.

“ನಾನೇ ಹಾಕಿದ್ದು,” ಅಂದರು ಅಪ್ಪ, ಅಪರಾಧಿಯಂತೆ. “ನಿನ್ನೆ. ಗೋಣಿ.”

ಆಗ ಕಂಡಿತು. ಹಿಂದಿನ ದಿನ ಹೊಸ ಕಾಯಿ ಅಟ್ಟಕ್ಕೇರಿತ್ತು. ಸಂದಿಯಿಂದ ನಾರು, ಧೂಳು ಉದುರಿ ಮಗಳ ಪಾಠ ಕೆಟ್ಟೀತೆಂದು ಅಪ್ಪ ಸಿಪಿಯುಗೆ ಗೋಣಿಚೀಲ ತೊಡಿಸಿ, ದಬ್ಬಣದಲ್ಲಿ ಬಾಯಿ ಹೊಲಿದು, ಬಟನ್ನಿಗೊಂದು, ವೈರಿಗೊಂದು ಕಿಂಡಿ ಬಿಟ್ಟಿದ್ದರು. ಹೊಲಿಗೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಸೀದಾ ಮಾರ್ಕೆಟ್ಟಿಗೆ ಕಳಿಸಬಹುದಿತ್ತು. ಬೆಳಗಿನಿಂದ ನಾವೆಲ್ಲ ಅದನ್ನು ನೋಡಿದ್ದೆವು. ಅಕ್ಕ ಕಿಂಡಿಯೊಳಗೆ ಬೆರಳು ತೂರಿಸಿಯೇ ಆನ್ ಮಾಡಿದ್ದಳು. ಆದರೂ ಯಾರಿಗೂ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಬೈಕಿನ ಸೀಟು, ಪಂಪ್‌ಸೆಟ್ಟು, ಚಳಿಗಾಲದ ಕರು, ಎಲ್ಲವೂ ಗೋಣಿ ಹೊದ್ದೇ ಇರುತ್ತವೆ. ನಮ್ಮ ಕಣ್ಣಿಗೆ ಗೋಣಿ ಕಾಣುವುದೇ ಇಲ್ಲ. ಪ್ರೀತಿಯೂ ಹಾಗೆಯೇ ಇರಬೇಕು. ಅದರೊಳಗೆ ಉಸಿರು ಕಟ್ಟಿದವರಿಗೆ ಮಾತ್ರ ಅದರ ದಪ್ಪ ಗೊತ್ತು.

ಹೊಲಿಗೆ ಬಿಚ್ಚಿದರೆ ಒಳಗೆ ಒಲೆಯ ಶಾಖ. ಪಕ್ಕದ ಮುಚ್ಚಳ ತೆಗೆದು, ಫ್ಯಾನಿಗೆ ಸುತ್ತಿಕೊಂಡಿದ್ದ ನಾರನ್ನು ಕಿತ್ತೆ. ಅದು ತಿರುಗಿತು, ಆದರೆ ಹಬ್ಬದ ಊಟ ಮಾಡಿದವನ ನಡಿಗೆಯಲ್ಲಿ. ಟೇಬಲ್ ಫ್ಯಾನ್ ಇಟ್ಟರೆ ಹಿಟ್ಟಿನ ಗಿರಣಿಯ ಸದ್ದು, ಪಾಠ ಕೇಳುವುದಿಲ್ಲ. ಕೊನೆಗೆ ಅಪ್ಪ ಮೊರ ತಗೊಂಡು ಮೇಜಿನ ಕೆಳಗೆ ಕೂತು ಬೀಸತೊಡಗಿದರು. ನಾನು ಪಕ್ಕದಲ್ಲಿ ತಜ್ಞನಾಗಿ ಕೂತೆ.

ಹನ್ನೊಂದಾಯಿತು. ಪರದೆಯಲ್ಲಿ ಶಾಲೆಯ ಮೂವರು. ಅಕ್ಕನ ದನಿ ನಡುಗುತ್ತಿತ್ತು. ಭಿನ್ನರಾಶಿಯ ಪಾಠ. “ಒಂದು ತೆಂಗಿನಕಾಯಿಯ ಮೂರನೇ ಒಂದು ಭಾಗ ದೊಡ್ಡದೋ, ನಾಲ್ಕನೇ ಒಂದು ಭಾಗ ದೊಡ್ಡದೋ?” ಎಂದು ಕೇಳಿದಳು. ಆ ಮೂವರೂ ಕಲ್ಲಿನಂತೆ ಕೂತಿದ್ದರು. ನಮ್ಮಪ್ಪನಿಗೆ ಮೌನ ಸಹಿಸಿ ಅಭ್ಯಾಸವಿಲ್ಲ.

“ಯಾವ ಕಾಯಿ ಅಂತ ಹೇಳ್ದೆ ಹೆಂಗವ್ವ ಹೇಳಾದು?” ಎಂದರು ಮೇಜಿನಡಿಯಿಂದ, ಗಟ್ಟಿಯಾಗಿ. “ದೊಡ್ಡ ಕಾಯಿ ಕಾಲು ಹೋಳಿನ ಮುಂದೆ ಪೀಚು ಕಾಯಿ ಅರ್ಧನೂ ಸಮ ಇಲ್ಲ!”

ಮುಗಿಯಿತು ಕಥೆ, ಅಂದುಕೊಂಡೆ. ಅಕ್ಕನ ಮುಖ ಬಿಳಿಚಿತು. ಆಮೇಲೆ ಅವಳೊಳಗೆ ಏನು ಹೊತ್ತಿಕೊಂಡಿತೋ, ನಡುಕವೆಲ್ಲ ಹೋಗಿ ಬೇರೆಯದೇ ದನಿ ಬಂತು: “ಹಿಂದೆ ಕೂತಿರೋರು ಕೂಗಬಾರದು. ಮಾತಾಡಬೇಕಿದ್ದರೆ ಕೈ ಎತ್ತಿ.”

ಊರ ಪಂಚಾಯಿತಿಯಲ್ಲೂ ಕೈ ಎತ್ತದ ಅಪ್ಪ ಒಂದು ಕ್ಷಣ ದಿಗಿಲುಬಿದ್ದರು. ಮೇಜಿನ ಅಂಚಿನಿಂದ ಮೊರ ಸೂರ್ಯನಂತೆ ಮೆಲ್ಲಗೆ ಮೇಲೆದ್ದಿತು. ಗಾಳಿ ನಿಂತಿತು. ಯಂತ್ರ ಗೊರಗುಟ್ಟಿತು. ನಾನು, ತಜ್ಞ, ಬೋರಲು ಮಲಗಿ ಸೌದೆ ಒಲೆಗೆ ಊದುವಂತೆ ಬಾಯಲ್ಲೇ ಊದತೊಡಗಿದೆ.

“ಹ್ಞಾ, ಈಗ ಹೇಳಿ. ಸರಿಯಾದ ಅನುಮಾನವೇ,” ಎಂದಳು ಅಕ್ಕ. “ಭಾಗ ಹೋಲಿಸೋ ಮುಂಚೆ ಎರಡೂ ಒಂದೇ ಅಳತೆಯ ಕಾಯಿ ಅಂತ ಗೊತ್ತುಮಾಡ್ಕೋಬೇಕು. ಒಂದೇ ಕಾಯಿ ಅಂದ್ಕೊಳ್ಳಿ. ಮೂರು ಜನ ಹಂಚ್ಕೊಂಡ್ರೆ ಜಾಸ್ತಿ ಸಿಗುತ್ತೋ, ನಾಲ್ಕು ಜನ ಹಂಚ್ಕೊಂಡ್ರೋ?”

“ಮೂರು ಜನ, ಮಿಸ್,” ಅಂದರು ಅಪ್ಪ. ಆಣೆ ಮಾಡಿ ಹೇಳುತ್ತೇನೆ, ಮಿಸ್ ಅಂದರು.

ಪರದೆಯ ಕಲ್ಲುಗಳು ನಕ್ಕವು. ಪಾಠ ಕೊನೆಯವರೆಗೂ ನಡೆಯಿತು; ನನಗೆ ತಲೆಸುತ್ತು ಬಂದದ್ದು ಬೇರೆ ಮಾತು. “ಕಂಪ್ಯೂಟರ್ ನಾವು ಕಲಿಸ್ಕೋತೀವಿ ಬಿಡಿ,” ಎಂದರು ಹೆಡ್‌ಮಿಸ್ಸು. “ಆ ಮೊರ ಎತ್ತಿದ ಹುಡುಗನ್ನ ಸುಮ್ಮನೆ ಕೂರಿಸಿದ್ರಲ್ಲ, ಅದನ್ನ ಕಲಿಸೋಕೆ ನಮ್ಮ ಕೈಲಾಗಲ್ಲ. ಸೋಮವಾರ ಬನ್ನಿ.”

ಗೋಣಿ ಇದ್ದದ್ದರಿಂದಲೇ ಕಂಪ್ಯೂಟರ್ ಉಳಿಯಿತು ಎಂದು ಅಪ್ಪ ಈಗ ಬಸ್ಸಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಾರೆ. ಮೊನ್ನೆ ಜಗಲಿಯಲ್ಲಿ ಅದೇ ಕಥೆ ಶುರುವಾದಾಗ ನಾನು ಅಕ್ಕನ ಆ ದನಿಯನ್ನು ತೆಗೆದೆ. ರಾಗ, ಎಳೆತ, ಹುಬ್ಬಿನ ಏರು, ಎಲ್ಲ ಅಚ್ಚೊತ್ತಿದಂತೆ: “ಮಾತಾಡಬೇಕಿದ್ದರೆ ಕೈ ಎತ್ತಿ.”

“ಸುಮ್ಕಿರ್ಲಾ,” ಅಂದರು ಅಪ್ಪ, ತಿರುಗಿಯೂ ನೋಡದೆ.

ಒಳಗೆ ಪಾಠದ ತಯಾರಿ ಮಾಡುತ್ತಿದ್ದ ಅಕ್ಕ ಒಂದು ಸಲ ಕೆಮ್ಮಿದಳು. ಇಬ್ಬರೂ ನೆಟ್ಟಗೆ ಕೂತೆವು.