ಮೇಷ್ಟ್ರ ಮನೆಯ ಖಾರದ ಪುಡಿ

ತಿ. ನರಸೀಪುರದ ಹಿಟ್ಟಿನ ಮಿಲ್ಲಿನಲ್ಲಿ ಮೊನ್ನೆ ಯಾರದೋ ಮೆಣಸಿನಕಾಯಿ ಬೀಸುತ್ತಿದ್ದರು. ಘಾಟು ಮೂಗಿಗೆ ಹತ್ತಿದ್ದೇ ತಡ, ಮೇಷ್ಟ್ರು ನೆನಪಾದರು. ಗುರುಗಳು ನೆನಪಾದರೆ ಬೇರೆಯವರಿಗೆ ಕೈ ಮುಗಿಯಬೇಕೆನಿಸುತ್ತದಂತೆ. ನನಗೆ ಉಗಿಯಬೇಕೆನಿಸುತ್ತದೆ, ಏನು ಮಾಡಲಿ…

ನಂಜನಗೂಡಿನ ಶಾಲೆಯಲ್ಲಿ ಅವರು ನಮಗೆ ಚರಿತ್ರೆ ಹೇಳುತ್ತಿದ್ದರು. ಬಾಯಿ ತೆರೆದರೆ ಹಡಗು, ಸಮುದ್ರ. ಬಿಳಿಯರು ನಮ್ಮ ಕಾಳುಮೆಣಸಿನ ಆಸೆಗೆ ಬಂದು ದೇಶವನ್ನೇ ನುಂಗಿದರು ಎನ್ನುವಾಗ ಮೇಜು ಗುದ್ದುತ್ತಿದ್ದರು. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ ಯಾವುದೂ ನಮ್ಮ ನೆಲದ್ದಲ್ಲ, ಎಲ್ಲ ಸಮುದ್ರ ದಾಟಿ ಬಂದವು ಎಂದು ಅವರು ಹೇಳಿದ ದಿನ ನಾವು ಬಾಯಿ ಬಿಟ್ಟುಕೊಂಡು ಕೂತಿದ್ದೆವು. "ರುಚಿಗೆ ಯಾವ ದೇಶ, ಯಾವ ಜಾತಿ ಕಣ್ರೋ?" ಅಂದಿದ್ದರು. ಆಹಾ, ಎಂಥ ಮಾತು! ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಅವರ ಮನೆಯ ವರ್ಷದ ಖಾರ ಕುಟ್ಟುತ್ತಿದ್ದವಳು ನಮ್ಮವ್ವ. ಹಿತ್ತಿಲ ಜಗುಲಿಯ ಒರಳಿನವರೆಗೆ ಮಾತ್ರ ಅವಳಿಗೆ ದಾರಿ, ಹೊಸ್ತಿಲು ದಾಟುವಂತಿರಲಿಲ್ಲ. ನಮ್ಮ ಜಾತಿಯವರು ಕುಟ್ಟಿದ ಒಣ ಪುಡಿ ಒಳಗೆ ಹೋಗಬಹುದಂತೆ. ಅದಕ್ಕೊಂದು ಹನಿ ನೀರು ಬಿದ್ದರೆ ಮಾತ್ರ ಮೈಲಿಗೆಯಂತೆ. ಎಂಥ ಅನುಕೂಲದ ಮಡಿ ನೋಡಿ!

ಒಂದು ಬೇಸಿಗೆ ರಜೆಯ ಭಾನುವಾರ… ಅಲ್ಲ, ರಜೆ ಇನ್ನೂ ಶುರುವಾಗಿರಲಿಲ್ಲ, ನಾನೂ ಜೊತೆಗೆ ಹೋಗಿದ್ದೆ. ಸುಯ್ಯೆಂದು ಗಾಳಿ ಎದ್ದು ಪುಡಿ ಅವ್ವನ ಕಣ್ಣಿಗೆ ಹೊಡೆಯಿತು.

"ಅಯ್ಯಯ್ಯೋ, ಕಣ್ಣು ಓಯ್ತು! ಒಸಿ ನೀರು ಕೊಡಿ ಸಾಮಿ!"

ಮೇಷ್ಟ್ರು ಒಳಗಿನಿಂದ ಓಡಿ ಬಂದರು. ನೀರು ತಂದರು ಅಂದುಕೊಂಡೆ. ಪುಡಿಯಿದ್ದ ಮೊರ ಎತ್ತಿಕೊಂಡು, "ದನದ ತೊಟ್ಟಿ ಹತ್ರ ಹೋಗಿ ತೊಳ್ಕೊ, ಇಲ್ಲಿ ನೀರು ಚೆಲ್ಲಬೇಡ" ಎನ್ನುತ್ತ ಒಳಗೆ ಹೋಗಿಬಿಟ್ಟರು. ತಡವರಿಸುತ್ತಿದ್ದ ಅವ್ವನನ್ನು ನಾನೇ ಕೈಹಿಡಿದು ಕರೆದೊಯ್ದೆ. ದನ ಬಾಯಿಟ್ಟ ನೀರು… ಆ ಎಡಗಣ್ಣು ಕೊನೆಯವರೆಗೂ ಮಂಜಾಗೇ ಉಳಿಯಿತು.

ಮನೆಗೆ ಬರುವಾಗ ಸಿಟ್ಟಿನಲ್ಲಿ ಅವ್ವನಿಗೆ ಅವರ ಪಾಠವನ್ನೆಲ್ಲ ಒಪ್ಪಿಸಿದೆ. ಅವಳು ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ ನಿಂತಳು.

"ಸಮುದ್ರದ ಆಚೇಲಿಂದ ಬಂದಿದ್ನ ಒಲೆ ಮುಂದುಕ್ಕೆ ಬುಟ್ಕಂಡವ್ರೆ. ಆಚೆ ಬೀದಿಯಿಂದ ಬಂದೋಳ್ನ ಯಾಕೆ ಬುಟ್ಕಳಲ್ವಂತೆ? ನಿಮ್ ಮೇಷ್ಟ್ರುನ್ನೇ ಕೇಳು ಮಗಳೇ."

ಸೋಮವಾರ ತರಗತಿಯಲ್ಲಿ ಎದ್ದು ನಿಂತು ಕೇಳಿಯೇಬಿಟ್ಟೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಅದು ಪರೀಕ್ಷೆಗೆ ಬರಲ್ಲ, ಕೂತ್ಕೊ" ಅಂದರು. ಥೂ! ಪ್ರಪಂಚವನ್ನೆಲ್ಲ ಸುತ್ತಿಸಿದ ಮನುಷ್ಯನಿಗೆ ತನ್ನ ಜಗುಲಿ ಪಾಠದಲ್ಲಿರಲಿಲ್ಲ.

"ಅಕ್ಕ, ನಿಮ್ ರಾಗಿ ಆಯ್ತು, ತಕಳಿ" ಎಂದು ಮಿಲ್ಲಿನವನು ಕೂಗಿದ. ಬಿಸಿ ಹಿಟ್ಟಿನ ಚೀಲ ಎತ್ತಿಕೊಂಡೆ. ಮೇಷ್ಟ್ರು ಹೋದ ವರ್ಷ ತೀರಿಕೊಂಡರಂತೆ. ಜ್ಞಾನದ ಸಾಗರ ಬತ್ತಿತು ಎಂದು ಸಂತಾಪ ಸಭೆಯಲ್ಲಿ ಯಾರೋ ಅತ್ತರಂತೆ. ನಾನು ಹೋಗಿರಲಿಲ್ಲ. ಅವ್ವ ಅವರಿಗಿಂತ ಮೊದಲೇ ತೀರಿಹೋಗಿದ್ದಳು, ತನ್ನ ಪ್ರಶ್ನೆಗೆ ಉತ್ತರ ಸಿಗದೆ. ಆ ಉತ್ತರ ಹೇಳದೆ ಮೇಷ್ಟ್ರು ಸತ್ತರಲ್ಲ, ಅವರ ಸಾವಿನಲ್ಲಿ ನನಗಿರುವ ದುಃಖ ಅಷ್ಟೇ.