ಅಜ್ಜಿ ಹೊಳೆಯಾಚೆ ಹೋಗಿ ಎತ್ತು ಬಿಡಿಸಿ ತಂದದ್ದು

ಇಂದು ಕಂಪ್ಲಿಯ ಹೊಳೆದಂಡೆಯಲ್ಲಿ ಹರಿಗೋಲಿಗೆ ಡಾಂಬರು ಬಳಿಯುತ್ತಿದ್ದರು. ಮೂರು ದೇಶಗಳಲ್ಲಿ ರಾಯಭಾರಿಯಾಗಿದ್ದ ನಾನು ಆ ವಾಸನೆಗೆ ಮತ್ತೆ ಅಜ್ಜಿಯ ಸೆರಗು ಹಿಡಿದ ಮೊಮ್ಮಗಳಾದೆ.

ಆಗ ನಮ್ಮ ದಂಡೆ ಮದ್ರಾಸಿಗೆ ಸೇರಿತ್ತು, ಆಚೆಯದು ನಿಜಾಮರಿಗೆ. ಬೇಸಿಗೆಯಲ್ಲಿ ಇಳಿದ ಹೊಳೆಯನ್ನು ಈಜಿ ದಾಟಿದ ನಮ್ಮ ಜೋಡೆತ್ತುಗಳು ಆಚೆಯೂರಿನ ಗೌಡರ ಹೊಲ ಮೇಯ್ದವು. ಗೌಡರು ಅವನ್ನು ಕಟ್ಟಿಹಾಕಿದರು. ಮಳೆ ಹತ್ತಿರವಿತ್ತು, ಎತ್ತಿಲ್ಲದೆ ಉಳುಮೆಯಿಲ್ಲ. ಜಗಳಕ್ಕೆ ಹೋದ ಅಪ್ಪ ಬರಿಗೈಯಲ್ಲಿ ಮರಳಿದ್ದರು.

ಮರುದಿನ ಅಜ್ಜಿ ನನ್ನನ್ನು ಕರೆದುಕೊಂಡು ಹೊರಟಳು.

"ಒಂದ್ ರೊಟ್ಟಿ ತಿಂದು ಹೋಗಬೇ," ಎಂದರು ಅಪ್ಪ.

"ಬ್ಯಾಡ. ನೀ ಉಂಡು ಹೋಗಿದ್ದಿ, ಅದಕ್ಕ ಕೆಲಸ ಕೆಡ್ತು."

ಗೌಡರ ಕಟ್ಟೆಯ ಮೇಲೆ ಕುಳಿತ ಅಜ್ಜಿ ಎತ್ತುಗಳ ಸುದ್ದಿಯನ್ನೇ ತೆಗೆಯಲಿಲ್ಲ. "ಗೌಡ್ರ, ಭಾಳ ಹಸಿವಾಗೇತ್ರಿ," ಎಂದಳು. ಹಸಿದು ಬಂದವರನ್ನು ಯಾರು ತಾನೇ ಹಾಗೆಯೇ ಕಳಿಸುತ್ತಾರೆ? ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ ಬಂದವು. ಅಜ್ಜಿ ಸಾವಕಾಶವಾಗಿ ಉಂಡು ಕೈತೊಳೆದಳು.

"ನಮ್ಮ ಎತ್ತು ನಿಮ್ಮ ಹೊಲದಾಗ ಮೇಯ್ದಾವು, ತಪ್ಪಾತ್ರಿ. ಈಗ ನಾನೂ ನಿಮ್ಮ ಮನ್ಯಾಗ ಉಂಡೀನಿ. ಅವುಗಳ ಜೋಡಿ ನನ್ನನ್ನೂ ಕಟ್ಟಿಹಾಕ್ರಿ."

ಗೌಡರು ಮೀಸೆಯೊಳಗೇ ನಕ್ಕರು. "ಉಣಿಸಿದ ಕೈಲೆ ಕಟ್ಟಾಕ ಆಗತೈತೇನಬೇ? ಹೊಡ್ಕೊಂಡು ಹೋಗು!"

ಎತ್ತುಗಳು ನಮ್ಮ ಹರಿಗೋಲಿನ ಪಕ್ಕದಲ್ಲೇ ಈಜುತ್ತ ಬಂದವು. ಈಚೆ ಕಾದಿದ್ದ ಅಪ್ಪ ರುಮಾಲು ಬಿಚ್ಚಿ ಗಾಳಿಯಲ್ಲಿ ಬೀಸಿದರು.

ವಿದೇಶಾಂಗ ಸೇವೆಗಾಗಿ ಓದುತ್ತಿರುವ ಮಕ್ಕಳೇ, ನಾನು ಕಂಡ ಮೊದಲ ರಾಯಭಾರಿಗೆ ರುಜು ಹಾಕಲೂ ಬರುತ್ತಿರಲಿಲ್ಲ. ನಿಮಗೋ ಅಕ್ಷರವಿದೆ, ಹಲವು ಭಾಷೆಗಳಿವೆ. ನೀವು ಇನ್ನೆಷ್ಟು ದೂರ ಹೋಗಬಲ್ಲಿರೋ!