ನಾಝಲ್ ಸುಮ್ಮನಾದ ಮ್ಯಾಲ

ಮೊನ್ನೆ ಪೆನ್ಶನ್ ತರಾಕಂತ ನವನಗರದ ಬ್ಯಾಂಕಿಗೆ ಹೋಗಿದ್ದೆ. ಕರೆಂಟ್ ಹೋತು. ಹೊರಗ ಜನರೇಟರ್ ಚಾಲೂ ಮಾಡಿದ್ರು ನೋಡ್ರಿ, ಡೀಸೆಲ್ ಹೊಗಿ ಕಿಟಕ್ಯಾಗಿಂದ ಒಳಗ ನುಗ್ಗಿತು. ಎಲ್ಲಾರೂ ಮೂಗು ಮುಚ್ಚಿಕೊಂಡ್ರು. ನಾನೊಬ್ಬಾಕಿ ಮುಚ್ಚಿಕೊಳ್ಳಲಿಲ್ಲ. ಆ ಹೊಗಿಗೆ ಬಿಸಿ ಜ್ವಾಳದ ಹಿಟ್ಟಿನ ವಾಸನಿ ಒಂದು ಕೂಡಿದ್ರ ಸಾಕಿತ್ತು... ಗಿರಣಿ ಕಾಕಾ ಎದುರಿಗೆ ಬಂದು ನಿಲ್ಲತಿದ್ರು.

ಎಪ್ಪತ್ತರ ದಶಕದ ಕಡೀ ವರ್ಷಗಳವು. ಹುನಗುಂದದಿಂದ ಇಳಕಲ್ಲಿಗೆ ಹೋಗೋ ದಾರ್ಯಾಗಿನ ಒಂದು ಹಳ್ಳಿಗೆ ನಾ ಸಾಲಿ ಅಕ್ಕೋರಾಗಿ ಹೋಗಿದ್ದೆ. ಲಗ್ನ ಆಗಿರಲಿಲ್ಲ, ಜೋಡಿಗೆ ಯಾರೂ ಇರಲಿಲ್ಲ. ಸಿಕ್ಕಿದ್ದು ಒಂದ ಖೋಲಿ, ಅದರ ಗ್ವಾಡಿಗೆ ಹತ್ತಿದ್ದು ಕಾಕಾನ ಹಿಟ್ಟಿನ ಗಿರಣಿ. ಊರಾಗ ಇದ್ದದ್ದು ಅದೊಂದ, ಡೀಸೆಲ್ ಇಂಜಿನ್ನಿಂದು. ಅದರ ನಾಝಲ್, ಅಂದ್ರ ಇಂಜಿನ್ನಿನೊಳಗ ಡೀಸೆಲ್ ಚಿಮ್ಮಿಸೋ ಸಣ್ಣ ಮೂತಿ, ಮಸಿ ಹಿಡದು ಠಣ್ ಠಣ್ ಅಂತ ಬಡಕೊಳ್ಳತಿತ್ತು. ಊರ ಆಚೀ ತುದಿಗೂ ಕೇಳತಿತ್ತು ಆ ಸಪ್ಪಳ.

ಐದಾರು ಬುಟ್ಟಿ ಕೂಡುತನಕ ಕಾಕಾ ಇಂಜಿನ್ ಚಾಲೂ ಮಾಡತಿರಲಿಲ್ಲ. ಹಂಗಾಗಿ ಚಾಲೂ ಮಾಡೋದಕ್ಕ ಹೊತ್ತು ಗೊತ್ತು ಅಂತ ಇರಲಿಲ್ಲ. ಹೆಣ್ಮಕ್ಕಳು ಪಾಳಿಗೆ ಬುಟ್ಟಿ ಇಟ್ಟು ಮನಿಗೆ ಹೋಗತಿದ್ರು, ಠಣ್ ಠಣ್ ಕಿವಿಗೆ ಬಿತ್ತಂದ್ರ ಓಡಿ ಬರತಿದ್ರು. ದೂರದ ಓಣಿಯವರೂ ಆ ಸಪ್ಪಳ ಕೇಳೇ ಜ್ವಾಳ ಹೊತ್ತು ಬರೋರು. ಆಮ್ಯಾಲ ಅತ್ತಿ ಸುದ್ದಿ, ಸೊಸಿ ಸುದ್ದಿ, ನಗಿ, ಚಾಷ್ಟಿ. ಕಾಕಾಗ ಹೆಂಡತಿ ತೀರಿ ಭಾಳ ವರ್ಷ ಆಗಿತ್ತು, ಮಕ್ಕಳಿರಲಿಲ್ಲ. ಆ ಹೆಣ್ಮಕ್ಕಳ ಮಾತ ಅವರಿಗೆ ಮನಿ, ಅದ ಬಳಗ. ಇದು ನನಗ ಆಗ ತಿಳೀಲಿಲ್ಲ.

ನಾ ಹೊರಗಿನಿಂದ ಬಿ.ಎ. ಪರೀಕ್ಷಾಕ್ಕ ಕಟ್ಟಿದ್ದೆ. ಸಾಲಿ ಬಿಟ್ಟು ಬಂದು ಪುಸ್ತಕ ತಗದ್ರ ಸಾಕು, ಆಚೀಕಡೆ ಠಣ್ ಠಣ್. ಸಿಟ್ಟು ನನಗ ಮೂಗಿನ ತುದಿಮ್ಯಾಲ, ಈಗೂ ಅಲ್ಲೇ ಐತಿ. ಒಂದು ದಿನ ತಡೀಲಾರದ ಹೋಗಿ ಎಲ್ಲಾರ ಮುಂದ ಬಾಯಿ ಮಾಡಿದೆ.

"ಏನ್ರಿ ಕಾಕಾರ, ಇದೇನು ಗಿರಣೀನೋ ಕಮ್ಮಾರಸಾಲ್ಯೋ? ನಾ ಫೇಲಾದ್ರ ನಿಮ್ಮ ಹೆಸರ ಹೇಳ್ತೇನಿ ನೋಡ್ರಿ!"

ಹೆಣ್ಮಕ್ಕಳು ನಕ್ರು. ಕಾಕಾ ನಗಲಿಲ್ಲ. "ನಾಝಲ್ ಬಡೀತೈತ್ರಿ ಅಕ್ಕೋರ. ಏನರ ಮಾಡ್ತೇನಿ," ಅಂದ್ರು.

ಮರುದಿನ ಗಿರಣಿ ಬಂದ್ ಇಟ್ಟು ಬಾಗಲಕೋಟಿಗೆ ಹೋದ್ರು. ಸಂಜಿಮುಂದ ಬರುವಾಗ ಕೈಯಾಗ ಒಂದು ಸಣ್ಣ ಡಬ್ಬಿ. ಡೀಸೆಲ್‌ನ್ಯಾಗ ಬೆರಸೋ ದವಾ ಅಂತ; ನಾಝಲ್ಲಿನ ಮಸಿ ತೊಳದು ಸಪ್ಪಳ ಇಳಸ್ತೈತಿ ಅಂತ ಸ್ಪೇರ್‌ಪಾರ್ಟ್ ಅಂಗಡ್ಯಾಂವ ಹೇಳಿದ್ದನಂತ. ಟಾಕಿಗೆ ಡೀಸೆಲ್ ಹಾಕುವಾಗೆಲ್ಲಾ ಒಂದು ಮುಚ್ಚಳ ಅಳದು ಹಾಕತಿದ್ರು, ಕೂಸಿಗೆ ಔಷಧ ಕುಡಿಸಿದಂಗ. ಎಂಟ್ಹತ್ತು ದಿನಕ್ಕ ಠಣ್ ಠಣ್ ಇಳದು ಧಬ್ ಧಬ್ ಆತು. ತಿಂಗಳಾಗೋದ್ರಾಗ ಅದೂ ಮೆತ್ತಗಾತು. ನಾ ಆರಾಮ ಓದಿದೆ. ಪುಣ್ಯಾ ಬರಲಿ ಕಾಕಾ ಅಂತ ಒಂದು ಮಾತು ಸೈತ ಹೇಳಲಿಲ್ಲ.

ಪರೀಕ್ಷಾ ಮುಗದ ಮ್ಯಾಲ ಜ್ವಾಳ ಬೀಸಾಕ ಹೋದೆ. ಪಾಳ್ಯಾಗ ಒಂದೂ ಬುಟ್ಟಿ ಇರಲಿಲ್ಲ. ಕಾಕಾ ಒಬ್ಬರೇ ಚೀಲದ ಮ್ಯಾಲ ಕುಂತಿದ್ರು. ಬಾಜೂ ಮನಿ ಗೌಡತಿನ್ನ ಕೇಳಿದ್ರ ಆಕಿ ನನಗ ತಿರುಗಿ ಬಿದ್ಲು.

"ನಿಮ್ಮ ಓದಿನ ಸಲುವಾಗಿ ಗಿರಣಿ ಬಾಯಿ ಮುಚ್ಚಿಸಿದ್ರಿ. ಯಾವಾಗ ನಡದೈತಿ, ಯಾವಾಗ ಇಲ್ಲ, ನಮಗ ಹೆಂಗ ಗೊತ್ತಾಗಬೇಕ್ರಿ? ಮಂದಿ ಎರಡು ಸಲ ಬಂದು ಹೊಳ್ಳಿ ಹೋದ್ರು. ಈಗ ಬಸ್‌ಸ್ಟ್ಯಾಂಡಿನ ಹಂತೇಕ ಕರೆಂಟಿನ ಗಿರಣಿ ಆಗೇತಿ, ಎಲ್ಲಾರೂ ಅಲ್ಲಿಗೇ."

ಗಿರಣಿಗೆ ಓಡಿ ಬಂದು, "ಕಾಕಾರ, ಆ ದವಾ ಬಿಟ್ಟುಬಿಡ್ರಿ," ಅಂದೆ.

"ಬಿಟ್ಟು ಹದಿನೈದು ದಿನ ಆತ್ರಿ. ನಾಝಲ್ ತೊಳದು ಸ್ವಚ್ಛ ಆಗಿಬಿಟ್ಟೈತಿ, ಇನ್ನೆಲ್ಲಿ ಬಡೀತೈತಿ?" ಅಂದ್ರು. ತಮ್ಮ ಇಂಜಿನ್ ಛಲೋ ಆಗಿದ್ದಕ್ಕ ಅಷ್ಟು ದುಃಖ ಪಟ್ಟ ಮನಷ್ಯಾನ್ನ ನಾ ಬ್ಯಾರೆ ಎಲ್ಲೂ ನೋಡಿಲ್ಲ.

ಮುಂದ ಅವರು ಮಾಡಿದ್ದು ಹುಚ್ಚ ಖರೆ. ಡೀಸೆಲ್ಲಿಗೆ ದೀಪಕ್ಕ ಹಾಕೋ ಚಿಮಣಿ ಎಣ್ಣಿ ಬೆರಸಿದ್ರ ಇಂಜಿನ್ ಬಡಕೊಳ್ಳತೈತಿ ಅನ್ನೋದು ಲಾರಿ ಡ್ರೈವರಗೋಳಿಗೆಲ್ಲಾ ಗೊತ್ತು. ಕಾಕಾ ಬೇಕಂತ ಬೆರಸಿದ್ರು. ಒಂದು ಮುಂಜಾನಿ ಠಣ್ ಠಣ್ ಅಂತ ಹಳೇ ಸಪ್ಪಳ ಎದ್ದು ಬಂತು! ನಾ ಹೊರಗ ಓಡಿ ಬಂದೆ. ಇಬ್ಬರು ಮೂವರು ಹಳೇ ಗಿರಾಕಿ ಬುಟ್ಟಿ ಹೊತ್ತು ಬಂದ್ರು ಕೂಡ. ಕಾಕಾ ಅಂಗಿ ತೋಳಿಗೆ ಹತ್ತಿದ ಹಿಟ್ಟು ಝಾಡಿಸೋದನ್ನೂ ಮರತು ಅವರ ಜೋಡಿ ಮಾತಾಡಿಕೋತ ನಿಂತಿದ್ರು. ಅಂಥಾ ಖುಷಿ ಅವರ ಮಾರಿಮ್ಯಾಲ ನಾ ಮುಂದ ನೋಡಲಿಲ್ಲ.

ಹನ್ನೆರಡು ದಿನ ನಡೀತು. ಚಿಮಣಿ ಎಣ್ಣಿಗೆ ಜಿಡ್ಡು ಎಲ್ಲಿಂದ ಬರಬೇಕು? ಡೀಸೆಲ್ ಪಂಪು ಒಣಗಿ ಹಿಡಕೊಂಡು ಬಿಡ್ತು. ಇಳಕಲ್ಲಿನಿಂದ ಬಂದ ಮಿಸ್ತ್ರಿ ಪಂಪು ಬಿಚ್ಚಿ ನೋಡಿ, ಹೊಸದ ಹಾಕಬೇಕು ಅಂದ. ಕಾಕಾ ಹಾಕಸಲಿಲ್ಲ. "ಹೊಸಾದು ಮತ್ತ ಸುಮ್ಮನ ನಡೀತೈತಿ. ಯಾರಿಗೆ ಕೇಳಬೇಕು?" ಅಂದ್ರು.

ನಾ ಪಾಸಾದೆ. ಬಾದಾಮಿಗೆ ವರ್ಗ ಆತು. ನನ್ನ ಟ್ರಂಕು ಕಾಕಾನೇ ಹೊತ್ತು ಬಸ್ಸಿನತನಕ ಬಂದ್ರು. ಕಿಟಕಿ ಹಂತೇಕ ನಿಂತು, "ಇನ್ನ ನನ್ನ ಮ್ಯಾಲ ಬಾಯಿ ಮಾಡಾವ್ರೂ ಇಲ್ಲದಂಗಾತ್ರಿ ಅಕ್ಕೋರ," ಅಂತ ನಕ್ರು. ತಪ್ಪಾತು ಅನ್ನಬೇಕಂತ ಬಾಯಿ ತಗದೆ... ಬಸ್ಸು ಹೊಂಟುಬಿಡ್ತು.

ಎಂಬತ್ತರ ದಶಕದ ನಡುವ ಒಮ್ಮೆ ಆ ದಾರಿಲೆ ಹೋಗುವಾಗ ಇಳದೆ. ಗಿರಣಿ ಇದ್ದ ಜಾಗಾದಾಗ ಸೈಕಲ್ ಅಂಗಡಿ ಇತ್ತು. ಕಾಕಾ ತೀರಿಕೊಂಡು ಎರಡು ವರ್ಷ ಆಗಿತ್ತಂತ. ತೀರಿದ್ದು ಊರಿಗೆ ಗೊತ್ತಾಗಿದ್ದು ಮೂರನೇ ದಿನಕ್ಕ. ಇಂಜಿನ್ ಬಡಕೊಳ್ಳತಿದ್ದ ಕಾಲದಾಗ ಒಂದು ದಿನ ಸಪ್ಪಳ ಕೇಳಲಿಲ್ಲಂದ್ರ ಹತ್ತು ಮಂದಿ ಬಂದು ಬಾಗಿಲಾ ಬಡೀತಿದ್ರು.

ನಾನೂ ಈಗ ಒಬ್ಬಾಕೀನ. ಮ್ಯಾಲಿನ ಮನಿಗೆ ಹೊಸಬರು ಬಾಡಿಗಿಗೆ ಬಂದಾರ, ಎರಡು ಸಣ್ಣ ಹುಡುಗ್ರು, ದಿನಾಲೂ ಧಡಲ್ ಧಡಲ್ ಅಂತ ಜಿಗದಾಡ್ತಾವ. ನಿನ್ನೆ ಅವರವ್ವ ಇಳದು ಬಂದು, "ಹುಡುಗ್ರು ಭಾಳ ಗದ್ದಲ ಮಾಡ್ತಾವ್ರಿ ಆಂಟಿ. ನಿಮಗ ತ್ರಾಸ ಆಗ್ತೈತೇನ್ರಿ?" ಅಂತ ಅಂಜಿಕೋತ ಕೇಳಿದ್ಲು.

"ಮಾಡ್ಲಿ ಬಿಡವಾ. ಬ್ಯಾಡ ಅನಬ್ಯಾಡ," ಅಂದೆ.

ಆಕಿ ಹೋದ ಮ್ಯಾಲ ಬಾಗಿಲಾ ಹಾಕಿಕೊಂಡು ಅತ್ತೆ. ಇಷ್ಟ ಮಾತು ಕಾಕಾಗ ಅಂದಿದ್ರ ಸಾಕಿತ್ತು.